ರೊಟ್ಟಿ ಯಂತ್ರಕ್ಕೆ ಸಬ್ಸಿಡಿ ಇದೆ, ಉದ್ರಿಗೆ ಇಲ್ಲ

2025ರ ಜೂನ್ ತಿಂಗಳ ಕೊನೆಯ ಭಾನುವಾರ ಪ್ರಧಾನಿಯವರು ತಮ್ಮ ರೇಡಿಯೋ ಮಾತಿನಲ್ಲಿ ಕಲಬುರಗಿಯ ಜೋಳದ ರೊಟ್ಟಿಯನ್ನು ಹೊಗಳಿದರು. ಅಲ್ಲಿನ ಮಹಿಳೆಯರು ಸಹಕಾರ ಸಂಘ ಕಟ್ಟಿಕೊಂಡಿದ್ದಾರೆ, ದಿನಕ್ಕೆ 3,000ಕ್ಕೂ ಜಾಸ್ತಿ ರೊಟ್ಟಿ ಮಾಡುತ್ತಿದ್ದಾರೆ, ಬೆಂಗಳೂರಿನಲ್ಲಿ ಕೌಂಟರ್ ತೆರೆದಿದೆ, ಆನ್‌ಲೈನ್‌ನಲ್ಲೂ ಆರ್ಡರ್ ಬರುತ್ತಿದೆ ಎಂದರು. ಅಡುಗೆಮನೆಯ ರೊಟ್ಟಿ ಒಂದು ಬ್ರ್ಯಾಂಡ್ ಆಗಿದ್ದು ದೇಶಕ್ಕೇ ಸುದ್ದಿಯಾಯಿತು.

ಇದನ್ನು ಕೇಳಿದವರಿಗೆ ನಾವೂ ಮಾಡಬಹುದಲ್ವಾ ಅಂತ ಅನಿಸುವುದು ಸಹಜ. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ ಚೆನ್ನಾಗಿ ರೊಟ್ಟಿ ಬಡಿಯುವ ಹತ್ತು ಜನ ಸಿಗುತ್ತಾರೆ. ಸಾಲ ಇದೆ, ಸಬ್ಸಿಡಿ ಇದೆ, ಪುಕ್ಕಟೆ ತರಬೇತಿಯೂ ಇದೆ. ಹಾಗಿದ್ದೂ ಮನೆಯಲ್ಲಿ ಶುರುವಾದ ಇಂಥ ವ್ಯಾಪಾರ ಮನೆಯ ಹೊಸ್ತಿಲು ದಾಟಿ ಬೆಳೆಯುವುದು ಯಾಕೆ ಅಷ್ಟು ಕಷ್ಟ?

ನನಗೆ ಕಾಣುವ ದೊಡ್ಡ ಕಾರಣ ಇದು: ನೆರವು ಹರಿಯುವುದು ಯಂತ್ರದ ಕಡೆಗೆ, ವ್ಯಾಪಾರ ಸಿಕ್ಕಿಹಾಕಿಕೊಳ್ಳುವುದು ಉದ್ರಿಯಲ್ಲಿ. ಮಾಲು ಕೊಟ್ಟ ದಿನಕ್ಕೂ ದುಡ್ಡು ಕೈಗೆ ಬರುವ ದಿನಕ್ಕೂ ನಡುವೆ ಇರುವ ಮೂವತ್ತು, ನಲವತ್ತೈದು ದಿನವನ್ನು ದಾಟುವುದು ಹೇಗೆ ಅಂತ ಯಾರೂ ಕೂತು ಹೇಳಿಕೊಡುವುದಿಲ್ಲ. ಕಲಿಯಬೇಕಾದದ್ದು, ಜೊತೆ ಸೇರಬೇಕಾದದ್ದು, ಹೊರಗಿನಿಂದ ಕೇಳಬೇಕಾದದ್ದು ಎಲ್ಲವೂ ಈ ಅಂತರದ ಸುತ್ತಲೇ ಇದೆ.

ಬಡಿಯುವುದು ಗೊತ್ತು, ಲೆಕ್ಕ?

ರೊಟ್ಟಿ ಮಾಡುವುದನ್ನು ಯಾರೂ ಆ ಹೆಣ್ಣುಮಕ್ಕಳಿಗೆ ಕಲಿಸಬೇಕಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಹಿಗ್ಗುವ ಗುಣ ಇಲ್ಲ. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಬಿಸಿ ಇರುವಾಗಲೇ ನಾದಬೇಕು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಬಿರಿಯುತ್ತದೆ. ಆದ್ದರಿಂದ ತಿಂಗಳಿಗಾಗುವಷ್ಟು ಜೋಳವನ್ನು ಒಂದೇ ಸಲ ಬೀಸಿಸಿ ಇಡಲು ಆಗುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಗಿರಣಿಗೆ ಹೋಗಲೇಬೇಕು. ಮೆತ್ತನೆ ರೊಟ್ಟಿ ಅವತ್ತೇ ಖರ್ಚಾಗಬೇಕು. ಕಟಕ ರೊಟ್ಟಿ ಚೆನ್ನಾಗಿ ಒಣಗಿದ್ದರೆ ವಾರಗಟ್ಟಲೆ ಇರುತ್ತದೆ, ಆದರೆ ಮಳೆಗಾಲದಲ್ಲಿ ಗಾಳಿ ತಾಗಿದರೆ ಮೆತ್ತಗಾಗುತ್ತದೆ. ಇದೆಲ್ಲ ಅವರಿಗೆ ಬೆರಳ ತುದಿಯಲ್ಲಿ ಗೊತ್ತು.

ಆದರೆ ಈ ಗೊತ್ತಿರುವ ಸಂಗತಿಗಳು ರೇಟಿನೊಳಗೆ ಬಂದಿರುವುದಿಲ್ಲ. ಒಂದು ರೊಟ್ಟಿಗೆ ಎಷ್ಟು ಬೀಳುತ್ತದೆ ಅಂತ ಕೇಳಿದರೆ ಜೋಳ ಮತ್ತು ಗ್ಯಾಸಿನ ಲೆಕ್ಕ ಬರುತ್ತದೆ. ಗಿರಣಿಗೆ ಹೋಗಿಬಂದ ಅರ್ಧ ದಿನ, ಪ್ಯಾಕೆಟ್ ಕವರು, ಬಸ್ಸಿಗೆ ಹಾಕಿದ ಪಾರ್ಸೆಲ್ ಚಾರ್ಜು, ದಾರಿಯಲ್ಲಿ ಮುರಿದದ್ದು, ಇವೆಲ್ಲ ಲೆಕ್ಕದ ಹೊರಗೆ ಉಳಿಯುತ್ತವೆ. ಸ್ವಂತ ಕೂಲಿಯಂತೂ ಇಲ್ಲವೇ ಇಲ್ಲ. ಮನೆಯವರೇ ಮಾಡುವ ಕೆಲಸಕ್ಕೆ ಕೂಲಿ ಯಾಕೆ ಅನ್ನುವುದು ಹಳೇ ಅಭ್ಯಾಸ. ನಾಳೆ ಆರ್ಡರ್ ಹೆಚ್ಚಾಗಿ ಪಕ್ಕದ ಮನೆಯವರನ್ನು ಕೂಲಿಗೆ ಕರೆದಾಗ ಮಾತ್ರ ಆ ಹಳೇ ರೇಟು ಕೈ ಸುಡುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ದಿನಕ್ಕೆ 500 ರೊಟ್ಟಿ, ಖಾನಾವಳಿಗೆ ಒಂದಕ್ಕೆ 6 ರೂಪಾಯಿ. ಕೂಲಿಯನ್ನೂ ಸೇರಿಸಿ ಒಂದಕ್ಕೆ ಬೀಳುವ ಖರ್ಚು ನಾಲ್ಕೂವರೆ ಅಂತಿಟ್ಟುಕೊಳ್ಳಿ. ದಿನಕ್ಕೆ 750 ರೂಪಾಯಿ ಉಳಿಯಬೇಕು, ತಿಂಗಳಿಗೆ 22,500. ಕೇಳಲು ಚೆನ್ನಾಗಿದೆ. ಈಗ ಹತ್ತರಲ್ಲಿ ಒಂದು ರೊಟ್ಟಿ ದಾರಿಯಲ್ಲಿ ಮುರಿಯುತ್ತದೆ ಅನ್ನಿ. ದಿನಕ್ಕೆ 300 ರೂಪಾಯಿ ಹೋಯಿತು, ಅಂದರೆ ಲಾಭದ ಶೇ. 40 ಹೋಯಿತು. ಗಟ್ಟಿ ಡಬ್ಬಿಗೆ ಒಂದು ರೊಟ್ಟಿಗೆ ಹತ್ತು ಪೈಸೆ ಜಾಸ್ತಿ ಬಿದ್ದರೂ ಲಾಭವೇ ಅನ್ನುವುದು ಈ ಲೆಕ್ಕ ಬರೆದ ಮೇಲೆ ತಾನಾಗಿಯೇ ಕಾಣುತ್ತದೆ. ಬರೆಯದಿದ್ದರೆ ಹತ್ತು ಪೈಸೆ ದಂಡ ಅಂತ ಅನಿಸುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಖಾನಾವಳಿಯವರು ತಿಂಗಳಿಗೊಮ್ಮೆ ದುಡ್ಡು ಕೊಡುತ್ತಾರೆ. ಮುರಿಯದೆ ಎಲ್ಲ ಮಾರಾಟವಾದರೂ ಆ 22,500ರ ಮುಖ ನೋಡಬೇಕಾದರೆ ಮೊದಲು ಕೈಯಿಂದ 67,500 ರೂಪಾಯಿ ಹಾಕಿರಬೇಕು. ಆರ್ಡರ್ 1,000ಕ್ಕೆ ಏರಿತೋ, ಹಾಕಬೇಕಾದದ್ದು 1,35,000. ವ್ಯಾಪಾರ ಬೆಳೆದಷ್ಟೂ ಕೈ ಖಾಲಿಯಾಗುತ್ತದೆ. ಹೀಗೆ ಮುಚ್ಚುವ ಅಂಗಡಿಗಳು ನಷ್ಟದಿಂದ ಮುಚ್ಚುವುದಿಲ್ಲ. ಪುಸ್ತಕದಲ್ಲಿ ಲಾಭ ಇರುತ್ತದೆ, ಮರುದಿನದ ಜೋಳಕ್ಕೆ ದುಡ್ಡಿರುವುದಿಲ್ಲ.

ಪುಸ್ತಕ ಅಂದೆ, ಆ ಪುಸ್ತಕವೇ ಬಹಳ ಕಡೆ ಇರುವುದಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿದಾಗ ಎದ್ದ ಗಲಾಟೆ ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಹಾಲು ಮಾರುವುದನ್ನು ನಿಲ್ಲಿಸಿ ಪ್ರತಿಭಟಿಸಿದರು. ಮಾಲಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಫೋನಿಗೆ ಬಂದ ದುಡ್ಡಿನಲ್ಲಿ ವ್ಯಾಪಾರದ್ದೆಷ್ಟು, ತಂಗಿ ಕಳಿಸಿದ ಕೈಗಡ ಎಷ್ಟು, ತೆರಿಗೆಯೇ ಇಲ್ಲದ ಹಾಲು-ತರಕಾರಿಯದ್ದೆಷ್ಟು ಅಂತ ಬೇರೆ ಮಾಡಿ ತೋರಿಸಲು ಬರವಣಿಗೆ ಇಲ್ಲದವರು ಪರದಾಡಿದರು. ರೊಟ್ಟಿಯವರಿಗೆ ಒಂದು ಸಮಾಧಾನ ಇದೆ: 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿಯ ಮೇಲಿದ್ದ ಶೇ. 5 ಜಿಎಸ್‌ಟಿ ಸೊನ್ನೆಯಾಗಿದೆ. ಆದರೂ ಮನೆಯ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ ಮಾಡುವುದು ಮೊದಲ ವಾರದ ಕೆಲಸ. ಇದಕ್ಕೆ ಯಾವ ಸಬ್ಸಿಡಿಯೂ ಬೇಕಿಲ್ಲ.

ಸಬ್ಸಿಡಿ ಎಲ್ಲಿ ಕೂತಿರುತ್ತದೆ

ಸಣ್ಣ ಆಹಾರ ಉದ್ಯಮಕ್ಕೆ ಈಚಿನ ವರ್ಷಗಳಲ್ಲಿ ಸಿಕ್ಕಿರುವ ದೊಡ್ಡ ನೆರವು ಪಿಎಂಎಫ್‌ಎಂಇ, ಅಂದರೆ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ. ಕೇಂದ್ರ ಸರ್ಕಾರ 2020ರಲ್ಲಿ 10,000 ಕೋಟಿ ರೂಪಾಯಿ ಇಟ್ಟು ಐದು ವರ್ಷಕ್ಕೆ ಅಂತ ಶುರುಮಾಡಿತು, ಆಮೇಲೆ 2025–26ರವರೆಗೆ ವಿಸ್ತರಿಸಿತು. ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ. ಕರ್ನಾಟಕ ತನ್ನ ಕಡೆಯಿಂದ ಇನ್ನೂ ಶೇ. 15 ಸೇರಿಸಿದ್ದರಿಂದ ಇಲ್ಲಿ ಅದು ಶೇ. 50, ಗರಿಷ್ಠ 15 ಲಕ್ಷ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ಅನ್ನುವ ಸರ್ಕಾರಿ ನಿಗಮ.

ಅರ್ಧ ದುಡ್ಡು ಸರ್ಕಾರದ್ದು ಅಂತ ಕೇಳಿದ ಕೂಡಲೇ ಅರ್ಜಿ ಹಾಕುವವರಿಗೆ ಒಂದು ಮಾತು. ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. 10 ಲಕ್ಷದ ಘಟಕ ಅಂದುಕೊಳ್ಳಿ. ಕನಿಷ್ಠ 1 ಲಕ್ಷ ನಿಮ್ಮದು, ಉಳಿದ 9 ಲಕ್ಷ ಬ್ಯಾಂಕ್ ಸಾಲ. ಸಬ್ಸಿಡಿಯ 5 ಲಕ್ಷ ಅದೇ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷದ ನಂತರ ಸಾಲ ಸುಸ್ತಿಯಾಗದೆ ಇದ್ದು, ಘಟಕ ನಡೆಯುತ್ತಿದ್ದರೆ ಆಗ ಅದು ಸಾಲಕ್ಕೆ ಜಮಾ ಆಗುತ್ತದೆ. ನಿಯಮ ಹೀಗಿರುವುದು ಸರಿಯೇ. ಇಲ್ಲದಿದ್ದರೆ ಸಬ್ಸಿಡಿ ಸಲುವಾಗಿಯೇ ಯಂತ್ರ ತಂದು ಮೂಲೆಗಿಡುವವರು ಜಾಸ್ತಿಯಾಗುತ್ತಿದ್ದರು. ಆದರೆ ಇದರ ಅರ್ಥ, ಆ ಮೂರು ವರ್ಷ ದಾಟುವುದೇ ನಿಜವಾದ ಪರೀಕ್ಷೆ. ಮತ್ತು ಆ ಮೂರು ವರ್ಷದಲ್ಲಿ ಕೊಲ್ಲುವುದು ಇದೇ ಉದ್ರಿ.

ಒಬ್ಬರೇ ಹಾಕುವ ಅರ್ಜಿಗೆ ಈ ಸಬ್ಸಿಡಿ ಯಂತ್ರ ಮತ್ತು ಅದಕ್ಕೆ ಬೇಕಾದ ಕಟ್ಟಡ ಕೆಲಸಕ್ಕೆ. ಜಾಗ ಕೊಳ್ಳಲು ಇಲ್ಲ, ಕಟ್ಟಡ ಕೆಲಸವೂ ವೆಚ್ಚದ ಶೇ. 30 ಮೀರುವಂತಿಲ್ಲ. ನಾಳೆಯ ಜೋಳಕ್ಕೆ, ಮುಂದಿನ ತಿಂಗಳ ಕೂಲಿಗೆ ಇಲ್ಲ. ಆ ಓಡಾಟದ ಬಂಡವಾಳವನ್ನು ಬೇರೆ ಹುಡುಕಬೇಕು. ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಜಾಮೀನಿಲ್ಲದೆ ಸಿಗುತ್ತದೆ. ಬ್ಯಾಂಕಿನಲ್ಲಿ ಸಿಸಿ ಖಾತೆ, ಅಂದರೆ ಬೇಕಾದಾಗ ತೆಗೆದು ದುಡ್ಡು ಬಂದಾಗ ಕಟ್ಟುವ ಸಾಲದ ಖಾತೆ, ಕೇಳಬಹುದು. ಯಂತ್ರದ ಸಾಲಕ್ಕೆ ಅರ್ಜಿ ಕೊಡುವ ದಿನವೇ ಇದನ್ನೂ ಕೇಳುವವರು ಕಡಿಮೆ. ಪ್ರಾಜೆಕ್ಟ್ ರಿಪೋರ್ಟ್ ಬರೆಸುವಾಗ ಆ ಒಂದು ಸಾಲು ಬಿಟ್ಟುಹೋದರೆ ಆರು ತಿಂಗಳಿಗೆ ಕೈಸಾಲಕ್ಕೆ ಓಡಬೇಕಾಗುತ್ತದೆ.

ಯಂತ್ರದ ವಿಷಯಕ್ಕೂ ಒಂದು ಮಾತು. ಕೈಯಲ್ಲಿ ಬಡಿಯುವ ಹದದ ಹಿಟ್ಟು ಯಂತ್ರಕ್ಕೆ ಆಗುವುದಿಲ್ಲ. ಎಸರಿನ ಅಳತೆ, ನಾದುವ ಹೊತ್ತು ಎಲ್ಲ ಬದಲಾಗುತ್ತದೆ. ಕೆಲವರು ಹರಿಯದಿರಲಿ ಅಂತ ಗೋಧಿ ಹಿಟ್ಟು ಬೆರೆಸುತ್ತಾರೆ. ಆಗ ಜೋಳದ ರೊಟ್ಟಿ ಅಂತ ದುಡ್ಡು ಕೊಟ್ಟವನಿಗೆ ರುಚಿಯಲ್ಲೇ ಗೊತ್ತಾಗುತ್ತದೆ, ಲೇಬಲ್‌ನಲ್ಲಿ ಬರೆಯದಿದ್ದರೆ ಅದು ತಪ್ಪೂ ಹೌದು. ಮೂರು ಫೇಸ್ ಕರೆಂಟ್ ಬೇಕಾದ ಯಂತ್ರವನ್ನು ಸಿಂಗಲ್ ಫೇಸ್ ಮನೆಗೆ ತಂದರೆ ಕತೆ ಅಲ್ಲಿಗೇ ಮುಗಿಯಿತು. ಮಾರುವವನ ಅಂಗಡಿಯಲ್ಲಿ ಡೆಮೋ ನೋಡಿ ಮರುಳಾಗುವ ಬದಲು ನಿಮ್ಮ ಜೋಳದ ಹಿಟ್ಟನ್ನೇ ಒಯ್ದು ನೂರು ರೊಟ್ಟಿ ತೆಗೆಸಿ ನೋಡುವುದು ಒಳ್ಳೆಯದು. ನಾನಾದರೆ ಹತ್ತು ಕೈಗಳಿಂದ ಆಗದಷ್ಟು ಆರ್ಡರ್ ಬರುವವರೆಗೂ ರೊಟ್ಟಿ ಯಂತ್ರ ತರಲಾರೆ. ಅದಕ್ಕಿಂತ ಮೊದಲು ಸ್ವಂತದ್ದೊಂದು ಸಣ್ಣ ಗಿರಣಿ ತರುತ್ತೇನೆ. ತಾಜಾ ಹಿಟ್ಟಿನ ಪ್ರಶ್ನೆ ಅದರಿಂದ ತೀರುತ್ತದೆ.

ಸಂಘ ಇದ್ದರೆ ಏನು ಬದಲಾಗುತ್ತದೆ

ಅದೇ ಪಿಎಂಎಫ್‌ಎಂಇ ಯೋಜನೆಯಲ್ಲಿ ಸ್ವಸಹಾಯ ಸಂಘಗಳಿಗೆ ಬೇರೆ ದಾರಿ ಇದೆ. ಆಹಾರ ಸಂಸ್ಕರಣೆ ಮಾಡುವ ಪ್ರತಿ ಸದಸ್ಯೆಯ ಲೆಕ್ಕದಲ್ಲಿ 40,000 ರೂಪಾಯಿ ಬೀಜಧನ, ಅದೂ ಓಡಾಟದ ಬಂಡವಾಳಕ್ಕೆ ಮತ್ತು ಸಣ್ಣ ಸಲಕರಣೆಗೆ. ಅಂದರೆ ಒಬ್ಬರೇ ಹೋದರೆ ಸಿಗದ ದುಡ್ಡು, ಹತ್ತು ಜನ ಸೇರಿ ಹೋದರೆ ಸಿಗುತ್ತದೆ. ಅದರ ಮೇಲೆ, ಗ್ರಾಮೀಣ ಜೀವನೋಪಾಯ ಯೋಜನೆಯಡಿ ಇರುವ ಸಂಜೀವಿನಿ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ 3 ಲಕ್ಷದವರೆಗೆ ಶೇ. 7ರ ಬಡ್ಡಿಯಲ್ಲಿದೆ. ಸಂಘದ ಲಾಭ ಅಂದರೆ ಸುಮ್ನೆ ಒಗ್ಗಟ್ಟಿನ ಮಾತಲ್ಲ, ಉದ್ರಿಯ ಆ ಮೂವತ್ತು ದಿನ ದಾಟಲು ಸಿಗುವ ಅಗ್ಗದ ದುಡ್ಡು.

ಜೋಳದ ಖರೀದಿ ಇನ್ನೊಂದು. ಬಿಳಿಜೋಳ ಹಿಂಗಾರಿ ಬೆಳೆ. ಫೆಬ್ರವರಿ–ಮಾರ್ಚ್ ಹೊತ್ತಿಗೆ ಹೊಸ ಮಾಲು ಬರುತ್ತದೆ, ಆಗ ರೇಟು ಇಳಿದಿರುತ್ತದೆ. ತಿಂಗಳಿಗೊಂದು ಚೀಲ ತರುವವರು ದೀಪಾವಳಿ ಹೊತ್ತಿಗೆ ಏರಿದ ರೇಟು ಕೊಡಬೇಕು. ಹಿಟ್ಟು ಹಳೆಯದಾಗಬಾರದು, ಆದರೆ ಕಾಳು ಚೆನ್ನಾಗಿ ಒಣಗಿಸಿ ಹುಳ ಬೀಳದಂತೆ ಇಟ್ಟರೆ ವರ್ಷ ಇರುತ್ತದೆ. ಸುಗ್ಗಿಯಲ್ಲಿ ಊರಿನ ರೈತರಿಂದ ಒಟ್ಟಿಗೆ ಕೊಂಡು ಇಟ್ಟುಕೊಳ್ಳಲು ಒಂಟಿ ಮನೆಗೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಸಂಘಕ್ಕೆ ಎರಡೂ ಸಾಧ್ಯ.

ಈ ಕಡೆಯ ಹೆಣ್ಣುಮಕ್ಕಳಿಗೆ ಸೇರಿ ದುಡಿಯುವುದು ಹೊಸದೇನಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತದೆ. ಓಣಿ ಓಣಿಯಲ್ಲಿ ಕೂತು ಬಡಿದದ್ದು. ಅಷ್ಟು ಮಾಲು ತಯಾರಿಸುವ ಶಕ್ತಿ, ಸಾಗಿಸುವ ಜಾಣತನ ಎರಡೂ ಇವೆ. ಅದು ಸೇವೆ, ಅಲ್ಲಿ ಲೆಕ್ಕ ಇಲ್ಲ, ಇರಬೇಕಾಗಿಯೂ ಇಲ್ಲ. ಒಬ್ಬರ ರೊಟ್ಟಿ ದಪ್ಪ, ಇನ್ನೊಬ್ಬರದು ತೆಳು ಅಂತ ದಾಸೋಹದಲ್ಲಿ ಯಾರೂ ಜಗಳ ಆಡುವುದಿಲ್ಲ.

ವ್ಯಾಪಾರದಲ್ಲಿ ಆಡುತ್ತಾರೆ. ಸಂಘಗಳು ಒಡೆಯುವುದು ಬಹುಪಾಲು ಇಂಥ ಸಣ್ಣ ಸಂಗತಿಗಳಿಗೇ. ಯಾರ ರೊಟ್ಟಿ ವಾಪಸ್ ಬಂತು, ಯಾರ ಮನೆಗೆ ದೊಡ್ಡ ಆರ್ಡರ್ ಹೋಯಿತು, ಪಾರ್ಸೆಲ್ ಕಟ್ಟಲು ಯಾರು ಬರಲಿಲ್ಲ. ಇದಕ್ಕೆ ಒಂದು ಹಳೆಯ ಉಪಾಯ ಮುಂಬೈನಲ್ಲಿದೆ. 1959ರಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ತಂದು ಶುರುಮಾಡಿದ ಲಿಜ್ಜತ್ ಹಪ್ಪಳದಲ್ಲಿ ಹಿಟ್ಟು ಕಲಸುವುದು ಕೇಂದ್ರದಲ್ಲಿ. ಸದಸ್ಯೆಯರು ಆ ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸಿ, ಮರುದಿನ ಹಪ್ಪಳ ತಂದು ಕೊಡುತ್ತಾರೆ, ಆಗಲೇ ಕೂಲಿ ಪಡೆಯುತ್ತಾರೆ. ರುಚಿ ಒಂದೇ ಥರ ಇರುತ್ತದೆ. ಪೇಟೆಯಿಂದ ದುಡ್ಡು ಬರುವುದು ಎಂದಾದರೂ ಆಗಲಿ, ಲಟ್ಟಿಸಿದವಳು ಕಾಯಬೇಕಿಲ್ಲ. ಉದ್ರಿಯ ಭಾರ ಸಂಸ್ಥೆ ಹೊರುತ್ತದೆ. ಬಿಸಿ ಹಿಟ್ಟನ್ನು ಮನೆಗೆ ಒಯ್ಯಲು ಆಗದ್ದರಿಂದ ರೊಟ್ಟಿಗೆ ಇದನ್ನು ಹಾಗೇ ತರಲು ಬರುವುದಿಲ್ಲ. ಆದರೆ ಒಂದೇ ಗಿರಣಿಯ ಹಿಟ್ಟು ಹಂಚಿ, ರೊಟ್ಟಿಯ ಅಗಲ-ತೂಕ ಗೊತ್ತುಮಾಡಿ, ತಂದ ದಿನವೇ ಕೂಲಿ ಕೊಡಬಹುದು.

ದೊಡ್ಡ ಮಟ್ಟದಲ್ಲಿ ಇದೇ ಕೆಲಸ ನಮ್ಮ ಕರಾವಳಿಯಲ್ಲೂ ಆಗಿದೆ. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ಬೆಳೆಗಾರರು ಮಂಗಳೂರಿನಲ್ಲಿ ಕ್ಯಾಂಪ್ಕೊ ಅನ್ನುವ ಸಹಕಾರ ಸಂಸ್ಥೆ ಕಟ್ಟಿಕೊಂಡರು. ಮುಂದೆ ಕೊಕ್ಕೊ ಕೊಳ್ಳುವವರಿಲ್ಲದ ಸ್ಥಿತಿ ಬಂದಾಗ ಆ ಸಂಸ್ಥೆಯೇ ಕೊಳ್ಳಲು ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಮಾರಾಟದ ಕಷ್ಟಕ್ಕೆ ಜನ ಸೇರಿದರು, ಕಾರ್ಖಾನೆ ಬಂದದ್ದು ಹದಿಮೂರು ವರ್ಷದ ಮೇಲೆ.

ಹೊರಗಿನವರಿಂದ ಏನು ಕೇಳಬೇಕು

ತರಬೇತಿ ಅಂದರೆ ಪ್ರಮಾಣಪತ್ರ, ಫೋಟೋ, ಊಟ ಅಂತ ನಕ್ಕುಬಿಡುವವರಿದ್ದಾರೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ಈ ವಿಷಯದಲ್ಲಿ ದೇಶಕ್ಕೆ ಮಾದರಿ ಕೊಟ್ಟದ್ದು ನಮ್ಮ ಉಜಿರೆ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಅಲ್ಲಿ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಶುರುಮಾಡಿದವು. ಊಟ-ವಸತಿ ಸೇರಿ ಎಲ್ಲ ಉಚಿತ. ಅದೇ ಮಾದರಿಯಲ್ಲಿ ಈಗ ಬ್ಯಾಂಕುಗಳು ಜಿಲ್ಲೆ ಜಿಲ್ಲೆಯಲ್ಲಿ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರ ನಡೆಸುತ್ತಿವೆ. ಇದರಲ್ಲಿ ಜನ ಗಮನಿಸದ ಭಾಗ ಅಂದರೆ, ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲಬೇಕು ಅನ್ನುವ ನಿಯಮ. ಆ ಎರಡು ವರ್ಷವನ್ನು ಕೇಳಿ ಪಡೆಯಿರಿ. ಬ್ಯಾಂಕ್ ಮ್ಯಾನೇಜರ್ ಅರ್ಜಿ ಹಿಡಿದುಕೊಂಡು ಕೂತಾಗ, ಖಾನಾವಳಿಯವರು ದುಡ್ಡು ಕೊಡದಿದ್ದಾಗ ಫೋನ್ ಮಾಡಲು ಒಬ್ಬರಿದ್ದಾರೆ ಅನ್ನುವುದು ಹತ್ತು ದಿನದ ಪಾಠಕ್ಕಿಂತ ದೊಡ್ಡದು.

ಪಿಎಂಎಫ್‌ಎಂಇಯಲ್ಲೂ ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಅರ್ಜಿದಾರರಿಗೆ ನೆರವಾಗುವವರು, ಇರುತ್ತಾರೆ. ಅವರ ಶುಲ್ಕವನ್ನು ಯೋಜನೆಯೇ ಕೊಡುತ್ತದೆ. ಶುಲ್ಕದ ಅರ್ಧ ಭಾಗ ಸಿಗುವುದು ಸಾಲ ಮಂಜೂರಾದಾಗ, ಉಳಿದರ್ಧ ಆಹಾರ ಸುರಕ್ಷತೆ, ಜಿಎಸ್‌ಟಿ, ಉದ್ಯಮ್ ನೋಂದಣಿ ಎಲ್ಲ ಮುಗಿದು ಘಟಕ ನಡೆಯಲು ಶುರುವಾದಾಗ. ಇಲ್ಲಿ ನನಗೆ ತಕರಾರಿದೆ. ಸಾಲ ಮಂಜೂರು ಮಾಡಿಸುವುದಕ್ಕೆ ಶುಲ್ಕ ಸಿಕ್ಕರೆ ಸಾಲ ಮಂಜೂರಾಗುತ್ತದೆ. ಎರಡನೇ ವರ್ಷ ಘಟಕ ನಡೆಯುತ್ತಿದೆಯೇ, ಬಾಕಿ ವಸೂಲಾಗುತ್ತಿದೆಯೇ ಅಂತ ಬಂದು ನೋಡುವುದಕ್ಕೆ ಏನೂ ಇಲ್ಲದಿದ್ದರೆ ಯಾರು ಬರುತ್ತಾರೆ? ಒಳ್ಳೆಯವರು ಬರುತ್ತಾರೆ, ತಮ್ಮ ಪೆಟ್ರೋಲು ಹಾಕಿಕೊಂಡು. ಒಳ್ಳೆಯತನವನ್ನು ನಂಬಿ ಯೋಜನೆ ಮಾಡಬಾರದು. ಮುಂದಿನ ಯೋಜನೆ ಯಾವುದೇ ಬರಲಿ, ಶುಲ್ಕದ ಒಂದು ಪಾಲನ್ನು ಎರಡನೇ ವರ್ಷದ ಕೊನೆಗೆ ಇಟ್ಟರೆ ಚಿತ್ರ ಬದಲಾಗುತ್ತದೆ.

ಬಾಕಿ ವಸೂಲಿಗೆ ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕಿರು, ಸಣ್ಣ ಉದ್ಯಮದಿಂದ ಮಾಲು ಕೊಂಡವರು ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. 2023–24ರಿಂದ ಆದಾಯ ತೆರಿಗೆಯಲ್ಲೂ ಒಂದು ಹಗ್ಗ ಬಿಗಿದಿದ್ದಾರೆ: ಗಡುವಿನೊಳಗೆ ಕೊಡದ ದುಡ್ಡನ್ನು, ನಿಜವಾಗಿ ಕೊಡುವವರೆಗೂ, ಕೊಂಡವರು ಖರ್ಚಿನಲ್ಲಿ ತೋರಿಸುವಂತಿಲ್ಲ. ಈ ಹಕ್ಕು ಬೇಕಾದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸಿದ್ದು, ಇರಬೇಕು. ಅದು ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಯಾರಾದರೂ ಸಾವಿರ, ಎರಡು ಸಾವಿರ ಕೇಳಿದರೆ ಕೊಡಬೇಡಿ.

ಆದರೆ ರೊಟ್ಟಿ ಕೊಡುವವಳು ಖಾನಾವಳಿಯ ಸಾಹುಕಾರರ ಮೇಲೆ ದೂರು ಕೊಡುತ್ತಾಳೆಯೇ? ಕೊಟ್ಟರೆ ಬಾಕಿ ಬರಬಹುದು, ಗಿರಾಕಿ ಹೋಗುತ್ತದೆ. ಕಾನೂನು ಇಲ್ಲೇ ಮುಗ್ಗರಿಸುವುದು. ಅದೇ ಮಾತನ್ನು ಸಂಘದ ಲೆಟರ್‌ಹೆಡ್‌ನಲ್ಲಿ, ಮೊದಲ ಡೆಲಿವರಿಗೆ ಮುಂಚೆಯೇ, ಹದಿನೈದು ದಿನಕ್ಕೊಮ್ಮೆ ಲೆಕ್ಕ ಚುಕ್ತಾ ಅಂತ ಬರೆದುಕೊಟ್ಟರೆ ಜಗಳವಿಲ್ಲದೆ ಮುಗಿಯುತ್ತದೆ. ಎಲ್ಲ ಮಾಲನ್ನೂ ಉದ್ರಿ ಗಿರಾಕಿಗೆ ಕೊಡದೆ ಸ್ವಲ್ಪವನ್ನು ನಗದು ಗಿರಾಕಿಗೆ ಉಳಿಸಿಕೊಳ್ಳಬಹುದು. ಮದುವೆ ಆರ್ಡರ್‌ಗೆ ಮುಂಗಡ ಕೇಳುವುದು ಎಲ್ಲ ಕಡೆ ರೂಢಿ ಇದೆ, ಅಲ್ಲಿ ಸಂಕೋಚ ಬೇಡ. ಕಟಕ ರೊಟ್ಟಿ ಜೊತೆ ಶೇಂಗಾ ಚಟ್ನಿ ಪುಡಿ ಇಟ್ಟು ನೇರ ಮನೆಗಳಿಗೆ ಮಾರಿದರೆ ದುಡ್ಡು ಅವತ್ತೇ ಬರುತ್ತದೆ, ರೇಟೂ ಜಾಸ್ತಿ.

ಇನ್ನು ಕಲಬುರಗಿಯ ಥರ ಜಿಲ್ಲಾಡಳಿತವೇ ಕೈ ಹಿಡಿಯುವ ಅದೃಷ್ಟ. ಅದು ಸಿಕ್ಕರೆ ಬಿಡಬಾರದು. ಲೇಬಲ್, ಪ್ಯಾಕಿಂಗ್, ಬೆಂಗಳೂರಿನ ಕೌಂಟರ್, ಇವೆಲ್ಲ ಹಳ್ಳಿಯ ಸಂಘಕ್ಕೆ ತಾನಾಗಿ ಸಿಗುವಂಥವಲ್ಲ. ಆದರೆ ಅಧಿಕಾರಿಗಳಿಗೆ ವರ್ಗ ಆಗುತ್ತದೆ, ಹೊಸಬರಿಗೆ ಬೇರೆ ಆಸಕ್ತಿ ಇರುತ್ತದೆ. ಅಂಥ ನೆರವಿನಲ್ಲಿ ನಡೆಯುವ ಯಾವ ಸಂಘವಾದರೂ, ಅಧಿಕಾರಿ ಇನ್ನೂ ಕುರ್ಚಿಯಲ್ಲಿರುವಾಗಲೇ ಕೆಲವು ಕಾಗದ ನೋಡಿಕೊಳ್ಳಬೇಕು. ಬ್ರ್ಯಾಂಡಿನ ಹೆಸರು ಯಾರ ಹೆಸರಲ್ಲಿ ನೋಂದಣಿಯಾಗಿದೆ? ಸಂಘದ ಹೆಸರಲ್ಲಿ ಸಾಮೂಹಿಕ ಟ್ರೇಡ್‌ಮಾರ್ಕ್ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಆಹಾರ ಸುರಕ್ಷತೆಯ ನಂಬರ್ ಯಾರದ್ದು? ಚೆಕ್ಕಿಗೆ ಸಹಿ ಹಾಕುವವರು ರೊಟ್ಟಿ ಬಡಿಯುವವರೇ? ಕೊನೆಗೆ, ಆರ್ಡರ್ ಬರುವ ಫೋನ್ ನಂಬರ್ ಸಂಘದ್ದೋ, ಕಚೇರಿಯ ಸಿಬ್ಬಂದಿಯದ್ದೋ? ಸಿಬ್ಬಂದಿಯದ್ದಾದರೆ ಈ ವಾರವೇ ಸಂಘದ ಹೆಸರಲ್ಲಿ ಒಂದು ಸಿಮ್ ತಗೊಂಡು, ಹಳೇ ಗಿರಾಕಿಗಳಿಗೆಲ್ಲ ಆ ನಂಬರ್‌ನಿಂದ ಮೆಸೇಜ್ ಕಳಿಸಿಬಿಡಿ.